ಹೊನ್ನಮೀನಿಗೊಂದು ಹೊಸ ಮನೆ

ಪಡಸಾಲೆಯ ಮೂಲೆಯಲ್ಲಿ ಒಂದು ದುಂಡನೆಯ ಗಾಜಿನ ಬೋಗುಣಿ. ಅದರ ತುಂಬ ತಿಳಿನೀರು. ಆ ನೀರಿನಲ್ಲಿ ಕಿತ್ತಳೆಬಣ್ಣದ ಪುಟ್ಟ ಮೀನೊಂದು ಸೆರಗಿನಂಥ ತನ್ನ ಬಾಲವನ್ನು ಬೀಸುತ್ತ ಸುತ್ತುತ್ತಿರುತ್ತದೆ. ಕ್ಯಾಲೆಂಡರಿನ ಚಿತ್ರಗಳಲ್ಲಿ, ಚಲನಚಿತ್ರದ ಶ್ರೀಮಂತರ ಮನೆಗಳಲ್ಲಿ, ದಂತವೈದ್ಯರ ಕೊಠಡಿಯಲ್ಲಿ ಈ ದೃಶ್ಯವನ್ನು ಕಾಣದವರು ವಿರಳ. ನೋಡುವ ಕಣ್ಣಿಗೆ ಇದಕ್ಕಿಂತ ನಿರ್ಮಲವಾದ, ನಿಶ್ಚಿಂತವಾದ ಬಾಳು ಇನ್ನೊಂದಿಲ್ಲವೆನ್ನಿಸುತ್ತದೆ. ಆದರೆ ಆ ಮೀನಿಗೆ ಮಾತು ಬರುವಂತಿದ್ದರೆ ಅದು ಬೇರೆಯೇ ಕಥೆಯನ್ನು ಹೇಳುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ಕಥೆಯನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ಮಗಳ ಆರನೆಯ ಹುಟ್ಟುಹಬ್ಬಕ್ಕೆ ಮೂರು ಹೊನ್ನಮೀನುಗಳನ್ನು – ಗೋಲ್ಡ್‌ಫಿಷ್ ಎಂದರೆ ಎಲ್ಲರಿಗೂ ತಿಳಿದೀತು – ಒಂದು ಬೋಗುಣಿಯ ಸಮೇತ ಕೊಂಡು ತಂದಿದ್ದೆ. ನಾಲ್ಕು ಲೀಟರು ನೀರು ಹಿಡಿಯುವ ಬೋಗುಣಿ. ದಿನ ಬಿಟ್ಟು ದಿನ ನೀರನ್ನೆಲ್ಲ ಚೆಲ್ಲಿ, ಗಾಜನ್ನು ಫಳಫಳಿಸುವಂತೆ ಉಜ್ಜಿ, ನಲ್ಲಿಯಿಂದ ಹೊಸ ನೀರನ್ನು ತುಂಬುತ್ತಿದ್ದೆವು. ಐದನೆಯ ದಿನ ಒಂದು ಮೀನು, ಎಂಟನೆಯ ದಿನ ಮತ್ತೊಂದು, ಹೊಟ್ಟೆ ಮೇಲಾಗಿ ತೇಲಿದವು. ಹಿತ್ತಿಲ ದಾಸವಾಳದ ಬುಡದಲ್ಲಿ ಅವನ್ನು ಮಣ್ಣು ಮಾಡುವಾಗ ಮಗಳು ಕೇಳಿದಳು: “ಅಪ್ಪ, ನೀರು ಅಷ್ಟು ಚೊಕ್ಕಟವಾಗಿತ್ತಲ್ಲ, ಮತ್ಯಾಕೆ ಸತ್ತುಹೋದವು?”

ದಿನವೂ ನೂರು ಜನ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಹೇಳುವುದೇ ವೃತ್ತಿಯಾದ ನನ್ನಲ್ಲಿ ಈ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ. ಬೋಗುಣಿಯಲ್ಲಿ ಇನ್ನೂ ಒಂದು ಮೀನು ಉಳಿದಿತ್ತು. ಅದಕ್ಕಾಗಿಯಾದರೂ ಉತ್ತರವನ್ನು ಹುಡುಕಬೇಕಾಯಿತು.

ಕೊಳದಿಂದ ಬೋಗುಣಿಗೆ

ಹೊನ್ನಮೀನಿನ ತವರು ಚೀನಾ ದೇಶ. ಅಲ್ಲಿನ ಹಸುರು ಬೂದು ಬಣ್ಣದ ಒಂದು ಸಾಧಾರಣ ಜಾತಿಯ ಮೀನಿನಲ್ಲಿ ಅಪರೂಪಕ್ಕೊಮ್ಮೆ ಹಳದಿ, ಕೆಂಪು ಬಣ್ಣದ ಮರಿಗಳು ಹುಟ್ಟುತ್ತಿದ್ದವು. ಅಂಥವನ್ನು ಆರಿಸಿ ಕೊಳಗಳಲ್ಲಿ ಸಾಕಿದರು. 960ರಿಂದ 1279ರವರೆಗೆ ಆಳಿದ ಸೊಂಗ್ ರಾಜವಂಶದ ಕಾಲಕ್ಕಾಗಲೇ ಈ ಸಾಕಣೆ ಬೇರೂರಿತ್ತು. ಬಳಿಕ ಮೀನು ಕೊಳದಿಂದ ಅಗಲವಾದ ಪಿಂಗಾಣಿ ತೊಟ್ಟಿಗಳಿಗೆ ಬಂದಿತು. ಅಲ್ಲಿಂದ ಜಪಾನಿಗೆ, ಹದಿನೇಳನೆಯ ಶತಮಾನದಲ್ಲಿ ಯುರೋಪಿಗೆ ಸಾಗಿತು. ಒರಾಂಡಾ, ರ್ಯೂಕಿನ್, ಶುಬುಂಕಿನ್, ಕಾಮೆಟ್ ಎಂದು ಇಂದು ಅಂಗಡಿಗಳಲ್ಲಿ ಕಾಣುವ ನಾನಾ ರೂಪಗಳೆಲ್ಲವೂ ಒಂದೇ ಜಾತಿಯ ಮಕ್ಕಳು.

ಗಾಜಿನ ಪಾತ್ರೆಯಲ್ಲಿ ಜಲಚರಗಳನ್ನು ವೈಜ್ಞಾನಿಕ ರೀತಿಯಲ್ಲಿ ಸಾಕುವ ಪ್ರಯೋಗ ನಡೆದದ್ದು ಬಹಳ ಈಚೆಗೆ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಎಂಬಾತ ಗಾಜಿನ ತೊಟ್ಟಿಯಲ್ಲಿ ಮೀನು, ಗಿಡ, ಬಸವನಹುಳುಗಳನ್ನು ಒಟ್ಟಿಗಿಟ್ಟು, ಒಂದರ ಕಸ ಇನ್ನೊಂದಕ್ಕೆ ಆಹಾರವಾಗುವ ಬಗೆಯನ್ನು 1850ರಲ್ಲಿ ಬರೆದು ತಿಳಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಜನಜನಿತವಾಯಿತು. ಮೀನಿಗೆ ನೀರೊಂದಿದ್ದರೆ ಸಾಲದು, ನೀರನ್ನು ಮತ್ತೆ ಮತ್ತೆ ಶುದ್ಧಗೊಳಿಸುವ ಏರ್ಪಾಡೂ ಬೇಕು ಎಂಬ ಅರಿವು ಅಂದೇ ಮೂಡಿತ್ತು. ದುಂಡು ಬೋಗುಣಿಯಾದರೋ ಈ ಅರಿವಿಗೆ ಬೆನ್ನು ತಿರುಗಿಸಿಕೊಂಡೇ ಉಳಿದುಕೊಂಡಿತು.

ಬೋಗುಣಿ ಇಷ್ಟು ಕಾಲ ಬಾಳಿದ್ದಕ್ಕೆ ಹೊನ್ನಮೀನಿನ ಸಹನೆಯೇ ಕಾರಣವೆನ್ನಬೇಕು. ಬೇರೆ ಮೀನುಗಳು ಗಂಟೆಗಳಲ್ಲಿ ಸಾಯುವಂಥ ನೀರಿನಲ್ಲಿ ಇದು ದಿನಗಟ್ಟಲೆ ಜೀವ ಹಿಡಿದಿರುತ್ತದೆ. ನೀರಿನಲ್ಲಿ ಆಮ್ಲಜನಕ ತೀರಿದರೂ ತನ್ನ ಮೈಯೊಳಗೆ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿ ಮಾರ್ಪಡಿಸಿ, ಕಿವಿರುಗಳ ಮೂಲಕ ಹೊರಹಾಕಿ ಬದುಕುಳಿಯುವ ವಿಚಿತ್ರ ಶಕ್ತಿ ಇದಕ್ಕುಂಟು. ಆ ಸಹನೆಯನ್ನು ಕಂಡು ನಾವು ಸುಖವೆಂದು ಭ್ರಮಿಸುತ್ತೇವೆ.

ತಿಳಿನೀರಿನ ವಿಷ

ಹಾಗಾದರೆ ಆ ತಿಳಿನೀರಿನಲ್ಲಿ ಇದ್ದದ್ದೇನು? ಮೀನು ತಿಂದ ಆಹಾರದಲ್ಲಿನ ಸಾರಜನಕದ ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳಿಂದಲೇ ನೀರಿಗೆ ಸೇರುತ್ತದೆ. ದನದ ಕೊಟ್ಟಿಗೆಯಲ್ಲಿ ಬೆಳಗಿನ ಹೊತ್ತು ಮೂಗಿಗೆ ಅಡರುವ ಘಾಟೇ ಇದು. ಕರಗಿದ ಅಮೋನಿಯಾಕ್ಕೆ ಬಣ್ಣವಿಲ್ಲ. ಅಲ್ಪ ಪ್ರಮಾಣದಲ್ಲಿ ವಾಸನೆಯೂ ತಿಳಿಯದು. ನೀರು ಸ್ಫಟಿಕದಂತೆ ಹೊಳೆಯುತ್ತಿರುವಾಗಲೇ ಮೀನಿನ ಕಿವಿರು ಸುಡುತ್ತಿರುತ್ತದೆ.

ಈ ವಿಷದ ತೀವ್ರತೆ ನೀರಿನ ಕ್ಷಾರಗುಣವನ್ನು ಅವಲಂಬಿಸಿದೆ. ಸುಮಾರು 25 ಡಿಗ್ರಿ ಉಷ್ಣತೆಯ ನೀರಿನ ಪಿಎಚ್ ಮೌಲ್ಯ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಅದು 8ಕ್ಕೆ ಏರಿತೆಂದರೆ ಈ ಪಾಲು ಸುಮಾರು ಐದಾಗುತ್ತದೆ. ಗಡಸಾದ ಕೊಳವೆಬಾವಿಯ ನೀರನ್ನು ಬಳಸುವ ನಮ್ಮ ಊರುಗಳ ಮನೆಗಳಲ್ಲಿ ಇದನ್ನು ಮರೆಯುವಂತಿಲ್ಲ. ಗಡಸುನೀರು ಹೊನ್ನಮೀನಿಗೆ ಒಗ್ಗುತ್ತದೆ, ನಿಜ. ಆದರೆ ಆ ನೀರಿನಲ್ಲಿ ಕಸ ನಿಂತರೆ ಅದರ ಕೇಡು ಹೆಚ್ಚು.

ಕೆರೆ ಕೊಳಗಳಲ್ಲಿ ಈ ವಿಷವನ್ನು ಕಳೆಯುವವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ವಿಷವೇ, ರಕ್ತವನ್ನು ಕಂದಾಗಿಸಿ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಗಿಡಗಳಿಗಂತೂ ಅದು ಗೊಬ್ಬರ. ಈ ಜೀವಿಗಳ ಕಾರ್ಯವನ್ನು 1890ರ ಸುಮಾರಿಗೆ ಬಿಡಿಸಿ ತೋರಿಸಿದವನು ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ. ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲುದೆಂಬುದು 2015ರಲ್ಲಿ ಬೆಳಕಿಗೆ ಬಂದಿತು.

ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ಅಲ್ಪ. ಕಲ್ಲು, ಮರಳು, ಗಾಜು, ಸ್ಪಂಜುಗಳ ಮೈಗೆ ಲೋಳೆಯಾಗಿ ಅಂಟಿಕೊಂಡು ಬಾಳುತ್ತವೆ. ನಮ್ಮ ಬೋಗುಣಿಯಲ್ಲಿ ಅವು ನೆಲೆಯೂರಲು ಜಾಗವಿರಲಿಲ್ಲ. ನೆಲೆಯೂರಿದ ನಾಲ್ಕಾರನ್ನೂ ನಾವು ದಿನ ಬಿಟ್ಟು ದಿನ ಉಜ್ಜಿ ತೆಗೆಯುತ್ತಿದ್ದೆವು. ಸಾಲದುದಕ್ಕೆ, ನಲ್ಲಿನೀರಿನ ಕ್ಲೋರಿನ್ ಮೀನಿನ ಕಿವಿರನ್ನೂ ಸುಟ್ಟು, ಆ ಜೀವಿಗಳನ್ನೂ ಕೊಲ್ಲುತ್ತಿತ್ತು.

ಶೋಧಕದ ಒಡಲು

ಉಳಿದ ಮೀನನ್ನು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಬಿಟ್ಟು ಒಂದು ಫಿಲ್ಟರನ್ನು ಇರಿಸಿದೆ. ತಿಂಗಳುಗಳು ಕಳೆದು ಮೀನು ಮೈದುಂಬಿಕೊಂಡ ಮೇಲೆ ಅದಕ್ಕೆ ಇಬ್ಬರು ಜೊತೆಗಾರರೂ ಬಂದರು.

ಫಿಲ್ಟರ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಫಿಯ ಫಿಲ್ಟರು. ಗಸಿಯನ್ನು ತಡೆದು ತಿಳಿಯನ್ನು ಬಿಡುವುದಷ್ಟೇ ಅದರ ಕೆಲಸ. ಮೀನಿನ ತೊಟ್ಟಿಯ ಫಿಲ್ಟರಿಗಾದರೋ ಈ ಕೆಲಸ ಗೌಣ. ಮುಖ್ಯವಾಗಿ ಅದು ಮೇಲೆ ಹೇಳಿದ ಬ್ಯಾಕ್ಟೀರಿಯಾಗಳ ವಸತಿ. ಅದರೊಳಗೆ ತುಂಬುವ ಸಾಮಗ್ರಿಗಳು ಮೂರು ಬಗೆ.

ಮೊದಲನೆಯದು ಕಸ ಹಿಡಿಯುವಂಥದು: ಬಿಳಿಯ ಪಾಲಿಯೆಸ್ಟರ್ ಅರಳೆ, ಒರಟು ಸ್ಪಂಜು. ಮಲ, ತಿನ್ನದೆ ಉಳಿದ ಆಹಾರ, ಗಿಡದ ಕೊಳೆತ ಎಲೆ ಇವು ಇಲ್ಲಿ ನಿಲ್ಲುತ್ತವೆ. ಎರಡನೆಯದು ಬ್ಯಾಕ್ಟೀರಿಯಾಗಳಿಗೆ ನೆಲೆ ಕೊಡುವಂಥದು: ಸೆರಾಮಿಕ್ ಉಂಗುರಗಳು, ರಂಧ್ರಮಯವಾದ ಜ್ವಾಲಾಮುಖಿಯ ಕಲ್ಲು, ಪ್ಲಾಸ್ಟಿಕ್ಕಿನ ಚಕ್ರಗಳು, ಸ್ಪಂಜೂ ಈ ಕೆಲಸಕ್ಕೆ ಒದಗುತ್ತದೆ. ಮೂರನೆಯದು ರಾಸಾಯನಿಕವಾಗಿ ಹೀರುವಂಥದು: ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು, ಜಿಯೊಲೈಟ್. ಇದ್ದಿಲು ನೀರಿನ ಬಣ್ಣವನ್ನೂ ಔಷಧಿಯ ಶೇಷವನ್ನೂ ಹೀರುತ್ತದೆ. ಅಮೋನಿಯಾವನ್ನು ಹೀರುವುದು ಜಿಯೊಲೈಟ್. ಇವೆರಡೂ ಕೆಲವು ವಾರಗಳಲ್ಲಿ ಸತ್ತ್ವಹೀನವಾಗುತ್ತವೆ. ನಿತ್ಯದ ಬಾಳಿಗೆ ಇವು ಅಗತ್ಯವಲ್ಲ. ಇವುಗಳಿಗಾಗಿ ಎರಡನೆಯ ಬಗೆಯ ಜಾಗವನ್ನು ಕಿರಿದುಗೊಳಿಸುವುದು ಜಾಣತನವಲ್ಲ.

ರಂಧ್ರಗಳಿಗೆ ಇಷ್ಟು ಬೆಲೆ ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರು ಬಾಹುವಿನ ಘನವೊಂದರ ಹೊರಮೈ 6 ಚದರ ಸೆಂಟಿಮೀಟರು. ಅದನ್ನೇ ಒಂದು ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 60 ಚದರ ಸೆಂಟಿಮೀಟರು. ವಸ್ತು ಅಷ್ಟೇ, ಮೈ ಹತ್ತುಪಟ್ಟು. ಮುಷ್ಟಿಯಲ್ಲಿ ಹಿಡಿಯುವ ಸ್ಪಂಜಿನ ತುಂಡು ಇಡೀ ತೊಟ್ಟಿಯ ಗಾಜನ್ನು ಮೀರಿಸಿ ಬ್ಯಾಕ್ಟೀರಿಯಾಗಳಿಗೆ ಆಶ್ರಯ ಕೊಡುವುದು ಹೀಗೆ.

ಜೋಡಿಸುವ ಕ್ರಮವೂ ಮುಖ್ಯ. ಕೊಳೆನೀರು ಮೊದಲು ಒರಟು ಸ್ಪಂಜನ್ನು, ಬಳಿಕ ನವುರಾದ ಅರಳೆಯನ್ನು, ಕೊನೆಗೆ ಸೆರಾಮಿಕ್ ಉಂಗುರಗಳನ್ನು ಹಾಯಬೇಕು. ಕ್ರಮ ತಪ್ಪಿದರೆ ಉಂಗುರದ ರಂಧ್ರಗಳಲ್ಲಿ ಕಸ ಕಟ್ಟಿಕೊಂಡು ಒಳಗಿನ ಜೀವಿಗಳಿಗೆ ಆಮ್ಲಜನಕ ದೊರೆಯದಾಗುತ್ತದೆ. ಅವೂ ನಮ್ಮಂತೆ ಉಸಿರಾಡುವ ಜೀವಿಗಳೆಂಬುದನ್ನು ಮರೆಯಬಾರದು.

ನೀರು ತುಂಬುವ ಹಬ್ಬದ ಪಾಠ

ಇಷ್ಟೆಲ್ಲ ಓದಿ ತಿಳಿದಿದ್ದರೂ ಹಳೆಯ ಅಭ್ಯಾಸ ಬಿಡಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಮನೆಯ ಹಂಡೆ, ಕೊಡ, ಚೆಂಬುಗಳೆಲ್ಲ ಹುಣಸೆಹಣ್ಣಿನಲ್ಲಿ ಬೆಳಗಿ ಸಾಲಾಗಿ ಕುಳಿತಿದ್ದವು. ಕಂದುಬಣ್ಣದ ಲೋಳೆ ಹಿಡಿದ ಫಿಲ್ಟರನ್ನು ಕಂಡು ನನಗೆ ನಾಚಿಕೆಯಾಯಿತು. ಸ್ಪಂಜು, ಉಂಗುರ ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗುವವರೆಗೆ ಹಿಂಡಿ ತೊಳೆದೆ. ಹೊಸದರಂತೆ ಕಂಡಿತು. ಆ ದಿನ ಹೆಮ್ಮೆಯೂ ಆಯಿತು.

ಮೂರನೆಯ ದಿನ, ಬಲಿಪಾಡ್ಯಮಿಯ ಬೆಳಗ್ಗೆ, ಮೂರೂ ಮೀನುಗಳು ರೆಕ್ಕೆ ಮುದುರಿಕೊಂಡು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗುಟುಕರಿಸುತ್ತಿದ್ದವು. ಮಗಳು ತೊಟ್ಟಿಯ ಮುಂದೆ ಕುಳಿತವಳು ಪಟಾಕಿಗೂ ಏಳಲಿಲ್ಲ. ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರಿಗೆ ಹೇಳಿಕಳುಹಿದೆ. ಅವರು ಬಂದು, ಪರೀಕ್ಷೆಯ ಹನಿಗಳನ್ನು ನೀರಿಗೆ ಹಾಕಿ, ಬಣ್ಣವನ್ನು ನೋಡಿ ನಿಟ್ಟುಸಿರಿಟ್ಟರು.

“ಏನು ಮೇಷ್ಟ್ರೇ, ಫಿಲ್ಟರ್ ತೊಳೆದಿರಾ?”

“ಹಬ್ಬವಲ್ಲವೇ? ಬಹಳ ಕೊಳೆಯಾಗಿತ್ತು.”

“ಕೊಳೆಯನ್ನು ತೊಳೆಯುತ್ತಿದ್ದವರನ್ನೇ ನೀವು ತೊಳೆದುಬಿಟ್ಟಿರಿ.”

ಅವರು ತಮ್ಮ ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ತೊಟ್ಟಿಯ ನೀರಿನ ಸಮೇತ, ಕಂದುಗಟ್ಟಿದ ಹಳೆಯ ಸ್ಪಂಜೊಂದನ್ನು ತಂದರು. ಅದನ್ನು ನಮ್ಮ ಫಿಲ್ಟರಿನೊಳಗೆ ಇಡುವುದನ್ನು ನೋಡುತ್ತಿದ್ದ ನನ್ನ ತಾಯಿ ಹೇಳಿದರು: “ಅಯ್ಯೋ, ಇದು ಹೆಪ್ಪು ಕಣೋ! ನಾಳೆಗೆ ಒಂದು ಚಮಚ ಉಳಿಸದೆ ಮೊಸರಿನ ಪಾತ್ರೆ ಬೆಳಗುವವರು ಎಲ್ಲಾದರೂ ಉಂಟೇನೋ?”

ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ನನಗೆ ವಿಷಯವನ್ನು ತಿಳಿಸಿರಲಿಲ್ಲ. ಹಾಲು ತಾನಾಗಿ ಮೊಸರಾಗಲು ಕಾಯಬೇಕು, ಹಾಗೆ ಆದದ್ದು ಕೆಟ್ಟರೂ ಕೆಟ್ಟೀತು. ನೆರೆಮನೆಯ ಒಂದು ಚಮಚ ಹೆಪ್ಪು ಬಂದರೆ ಬೆಳಗಾಗುವುದರೊಳಗೆ ಗಟ್ಟಿ ಮೊಸರು. ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾಗಳು ತಾವಾಗಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆರೋಗ್ಯವಾದ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಇಟ್ಟರೆ ಆ ಅವಧಿ ಬಹಳ ಮಟ್ಟಿಗೆ ತಗ್ಗುತ್ತದೆ.

ಒಂದು ವಾರ ದಿನವೂ ಅರ್ಧ ತೊಟ್ಟಿ ನೀರನ್ನು ಬದಲಿಸಿ, ಆಹಾರವನ್ನು ಬಹುತೇಕ ನಿಲ್ಲಿಸಿ, ನೈಟ್ರೈಟಿನ ಬಾಧೆಗೆ ತಡೆಯಾಗಿ ಲೀಟರಿಗೆ ಒಂದು ಗ್ರಾಂನಂತೆ ಸಾದಾ ಉಪ್ಪನ್ನು ಕರಗಿಸಿದೆವು. ಮೀನುಗಳು ಉಳಿದವು. ಅಂದಿನಿಂದ ನಮ್ಮ ಮನೆಯ ನಿಯಮವಿದು: ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಕೂಡದು. ತೊಟ್ಟಿಯಿಂದಲೇ ತೆಗೆದ ನೀರನ್ನು ಬಕೆಟ್ಟಿನಲ್ಲಿಟ್ಟುಕೊಂಡು, ಅದರಲ್ಲಿ ಎರಡು ಮೂರು ಸಲ ಮೆಲ್ಲಗೆ ಹಿಂಡಿ ಹಿಂದಕ್ಕೆ ಇಡಬೇಕು. ಕಂದುಬಣ್ಣ ಉಳಿದರೆ ಉಳಿಯಲಿ. ಒಂದೇ ದಿನ ಎಲ್ಲ ಸಾಮಗ್ರಿಗಳನ್ನೂ ತೊಳೆಯಬಾರದು. ಅರಳೆಯನ್ನು ಬೇಕಾದರೆ ಎಸೆದು ಹೊಸದನ್ನು ಹಾಕಬಹುದು. ಸೆರಾಮಿಕ್ ಉಂಗುರಗಳನ್ನು ಮಾತ್ರ ಆದಷ್ಟು ಮುಟ್ಟದಿರುವುದೇ ಲೇಸು.

ದೊಡ್ಡ ಮನೆ

ಆ ಪ್ರಸಂಗದಿಂದ ಇನ್ನೊಂದು ಮಾತೂ ಮನದಟ್ಟಾಯಿತು. ಎರಡಡಿಯ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರು ನೀರು. ಬೆಳೆಯುತ್ತಿರುವ ಮೂರು ಹೊನ್ನಮೀನುಗಳಿಗೆ ಅದು ಇಕ್ಕಟ್ಟು. ಇಕ್ಕಟ್ಟಿನ ನೀರಿನಲ್ಲಿ ವಿಷ ಬೇಗನೆ ಏರುತ್ತದೆ. ಗುಂಡುಮೈಯ ತಳಿಗಳು ಹದಿನೈದು ಇಪ್ಪತ್ತು ಸೆಂಟಿಮೀಟರು ಬೆಳೆಯಬಲ್ಲವು. ಕಾಮೆಟ್ಟಿನಂಥ ನೀಳಮೈಯವು ಅದಕ್ಕೂ ಹೆಚ್ಚು. ‘ತೊಟ್ಟಿಯ ಅಳತೆಗೆ ತಕ್ಕಂತೆ ಮೀನು ಬೆಳೆಯುತ್ತದೆ’ ಎಂದು ಸಮಾಧಾನ ಹೇಳುವವರುಂಟು. ಬೋಗುಣಿಯ ಮೀನು ಕುಳ್ಳಾಗಿ ಉಳಿಯುವುದು ಬದುಕಿನ ಕಷ್ಟದಿಂದ. ಅದನ್ನು ಹೊಂದಾಣಿಕೆಯೆಂದು ಕರೆಯುವುದು ನ್ಯಾಯವಲ್ಲ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ಮಾಡಿಸಿದೆವು. ಕಂಠದವರೆಗೆ ತುಂಬಿದರೆ ಸುಮಾರು 190 ಲೀಟರು. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುವುದರಿಂದ, ಗಾಜು ಮತ್ತು ಕಲ್ಲಿನ ಭಾರವೂ ಸೇರಿ ಒಟ್ಟು ತೂಕ ಇನ್ನೂರು ಕಿಲೋಗ್ರಾಮನ್ನು ಮೀರುತ್ತದೆ. ಆದುದರಿಂದ ಪುಸ್ತಕದ ಕಪಾಟಿನ ಮೇಲೆ ಇಡುವ ವಸ್ತು ಇದಲ್ಲ. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡು, ಸಮತಟ್ಟಾದ ನೆಲ, ಗಾಜಿನ ಕೆಳಗೆ ಥರ್ಮೊಕೋಲ್ ಹಾಳೆ, ಬಿಸಿಲು ನೇರ ಬೀಳದ ಗೋಡೆಯ ಪಕ್ಕ – ಇಷ್ಟು ಅವಶ್ಯ. ಎತ್ತರಕ್ಕಿಂತ ಅಗಲ ಮೇಲು. ನೀರಿಗೆ ಗಾಳಿ ಬೆರೆಯುವುದು ಮೇಲ್ಮೈಯಲ್ಲಿ.

ಫಿಲ್ಟರಿಗೆ ತೊಟ್ಟಿಯ ಮೇಲೆ ಕೂರುವ ತೆರೆದ ಪೆಟ್ಟಿಗೆಯನ್ನು ಆರಿಸಿಕೊಂಡೆ. ಪಂಪು ನೀರನ್ನೆತ್ತಿ ಪೆಟ್ಟಿಗೆಗೆ ಸುರಿಯುತ್ತದೆ. ನೀರು ಸಾಮಗ್ರಿಗಳ ನಡುವೆ ಇಳಿದು ಮತ್ತೆ ತೊಟ್ಟಿಗೆ ಬೀಳುತ್ತದೆ. ಬೀಳುವಾಗ ಮೇಲ್ಮೈಯನ್ನು ಕಲಕಿ ಆಮ್ಲಜನಕವನ್ನೂ ಬೆರೆಸುತ್ತದೆ. ಗಂಟೆಗೆ ತೊಟ್ಟಿಯ ನೀರಿನ ಐದಾರು ಪಟ್ಟಾದರೂ ಹಾಯಿಸುವ ಪಂಪು ಬೇಕು. ವಿದ್ಯುತ್ತು ಹೋದಾಗ ಈ ತೆರೆದ ಪೆಟ್ಟಿಗೆಯ ಉಪಕಾರ ತಿಳಿಯುತ್ತದೆ: ಸ್ಪಂಜು ಹಸಿಯಾಗಿದ್ದು ಗಾಳಿಯಾಡುವುದರಿಂದ ಬ್ಯಾಕ್ಟೀರಿಯಾಗಳು ಗಂಟೆಗಟ್ಟಲೆ ಉಳಿಯುತ್ತವೆ. ಮುಚ್ಚಿದ ಡಬ್ಬಿಯ ಫಿಲ್ಟರು ಬಹಳ ಹೊತ್ತು ನಿಂತುಹೋಗಿದ್ದರೆ ಅದರೊಳಗಿನ ನೀರನ್ನು ಚೆಲ್ಲಿಯೇ ಮತ್ತೆ ಚಾಲು ಮಾಡಬೇಕು.

ಮನೆ ಬದಲಿಸುವ ದಿನ ಹಳೆಯ ಫಿಲ್ಟರಿನ ಸ್ಪಂಜನ್ನೂ ಉಂಗುರಗಳನ್ನೂ ಒಣಗಲು ಬಿಡದೆ ಹೊಸ ಪೆಟ್ಟಿಗೆಗೆ ಸಾಗಿಸಿದೆವು. ಹೊಸ ನೀರಿಗೆ ಕ್ಲೋರಿನ್ ನಿವಾರಿಸುವ ಸೋಡಿಯಂ ಥಯೋಸಲ್ಫೇಟಿನ ಹನಿಗಳನ್ನು ಬೆರೆಸಿದೆವು. ಅಂಗಡಿಗಳಲ್ಲಿ ಇದನ್ನು ಆ್ಯಂಟಿ-ಕ್ಲೋರಿನ್ ಎನ್ನುತ್ತಾರೆ. ಒಂದು ದಿನ ಅಗಲಬಾಯಿಯ ಪಾತ್ರೆಯಲ್ಲಿ ನೀರನ್ನು ತೆರೆದಿಟ್ಟರೂ ಕ್ಲೋರಿನ್ ಹೋಗುತ್ತದೆ. ನೀರಿಗೆ ಕ್ಲೋರಮೈನ್ ಹಾಕಿದ್ದರೆ ಮಾತ್ರ ಈ ಉಪಾಯ ಸಾಗದು. ಹೆಪ್ಪು ಸಿಗದವರು ಮೀನನ್ನು ತರುವ ಮೊದಲೇ ಖಾಲಿ ತೊಟ್ಟಿಯಲ್ಲಿ ಫಿಲ್ಟರನ್ನು ನಡೆಸಿ, ದಿನವೂ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡಾಗ ಮನೆ ಸಿದ್ಧವಾಯಿತೆಂದು ಅರ್ಥ.

ಇನ್ನುಳಿದದ್ದು ನಿತ್ಯದ ಪಾಲನೆ. ಹೊನ್ನಮೀನಿಗೆ ನಿಜವಾದ ಜಠರವಿಲ್ಲ. ಕೊಟ್ಟಷ್ಟನ್ನೂ ತಿನ್ನುತ್ತದೆ, ತಿಂದಷ್ಟನ್ನೂ ಬೇಗನೆ ಕಳೆಯುತ್ತದೆ. ಎರಡು ನಿಮಿಷದಲ್ಲಿ ಮುಗಿಸುವಷ್ಟು ಆಹಾರ ಸಾಕು. ಆಗೊಮ್ಮೆ ಈಗೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಕೊಡಬಹುದು. ವಾರಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ನೀರನ್ನು ಬದಲಿಸಬೇಕು. ತಣ್ಣೀರಿನ ಮೀನಾದುದರಿಂದ ನಮ್ಮ ಸೀಮೆಯಲ್ಲಿ ಹೀಟರಿನ ಗೊಡವೆ ಬೇಡ. ಅಂಜಿಕೆ ಇರುವುದು ಬೇಸಿಗೆಯದು. ಶುದ್ಧ ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ರಾಯಚೂರು, ಕಲಬುರಗಿಗಳ ಬಿರುಬೇಸಿಗೆಯಲ್ಲಿ ತೊಟ್ಟಿಯ ಮೇಲೆ ಸಣ್ಣ ಫ್ಯಾನಿನ ಗಾಳಿ ಹಾಯಿಸಿದರೆ ನೀರು ಆವಿಯಾಗಿ ತಂಪೇರುತ್ತದೆ.

ಇಷ್ಟು ಆರೈಕೆ ಒಂದು ಮೀನಿಗಾಗಿಯೇ ಎಂದು ಕೇಳುವವರಿಗೆ ಟಿಶ್ ಎಂಬ ಹೊನ್ನಮೀನಿನ ಹೆಸರನ್ನು ಹೇಳಬಹುದು. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಒಬ್ಬ ಹುಡುಗನಿಗೆ ಬಹುಮಾನವಾಗಿ ಬಂದ ಅದು 1999ರವರೆಗೆ, 43 ವರ್ಷ ಬಾಳಿ ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಎಂಟು ದಿನದ ಆಟಿಕೆಯೆಂದು ನಾವು ಕೊಂಡು ತರುವ ಜೀವದ ಆಯುಸ್ಸು ಅದು.

ನಮ್ಮ ಮೂರು ಮೀನುಗಳು ಈಗ ಗೇಣುದ್ದ ಬೆಳೆಯುವ ಹಾದಿಯಲ್ಲಿವೆ. ಭಾನುವಾರ ತೊಟ್ಟಿಯಿಂದ ತೆಗೆದ ನೀರನ್ನು ಮಗಳು ಚೆಲ್ಲಗೊಡುವುದಿಲ್ಲ. ಸ್ಪಂಜನ್ನು ಹಿಂಡಿದ ಆ ಕಂದುನೀರಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕಿಸುತ್ತ, ಹಿತ್ತಿಲ ದಾಸವಾಳಕ್ಕೆ ಒಯ್ದು ಹೊಯ್ಯುತ್ತಾಳೆ. ಈ ವರ್ಷ ಆ ಗಿಡ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿದೆ.